ಕರಿಕೋಳಿಯ ನವಿಲುಮರಿಗಳು

ನಮ್ಮ ಮನೆ ಮುಂದೆ ಗಂಡುನವಿಲು ಗರಿ ಬಿಚ್ಚಿ ಕುಣಿಯುವುದನ್ನು ಮೊಬೈಲಿನಲ್ಲಿ ಹಿಡಿಯಲು ನಾಗಮಂಗಲದಿಂದ ನೆಂಟರು ಬರುತ್ತಾರೆ. ಕುತ್ತಿಗೆಯ ನೀಲಿಗೆ ಬಾಯಿ ಬಿಡುವವರು ಅದರ ಒರಟು ಕಾಲು ನೋಡುವುದಿಲ್ಲ. ಅದು ಕೋಳಿಯ ಕಾವಿನಲ್ಲಿ ಹುಟ್ಟಿದ್ದು ಎಂದು ನಾನೂ ಹೇಳುವುದಿಲ್ಲ.

ಹೆಣ್ಣುನವಿಲಿಗೆ ಮಣ್ಣಿನದೇ ಬಣ್ಣ. ನೆಲದಲ್ಲೇ ಮೊಟ್ಟೆಯಿಟ್ಟು ಕಾವಿಗೆ ಕೂತರೆ ಹತ್ತಿರ ಹೋದರೂ ಏಳುವುದಿಲ್ಲ. ನಾಲ್ಕು ವರ್ಷದ ಹಿಂದೆ ಹಸುವಿಗೆಂದು ಸೀಮೆಹುಲ್ಲು ಕತ್ತರಿಸುವಾಗ ಹಾಗೆ ಕೂತ ಒಂದು ಕಣ್ಣಿಗೆ ಬಿತ್ತು. ಸದ್ದಿಗೆ ಹಾರಿಹೋಗುತ್ತದೆ ಬಿಡು ಎಂದುಕೊಂಡು ಮಿಷನ್ನು ನುಗ್ಗಿಸಿದೆ. ಹಾರಲಿಲ್ಲ. ಹುಲ್ಲಿನ ಜೊತೆ ಅದೂ ತುಂಡಾಯಿತು. ಒಡೆಯದೆ ಉಳಿದ ಮೂರು ಮೊಟ್ಟೆಗಳನ್ನು ಅವ್ವ ಸೆರಗಿನಲ್ಲಿ ತಂದಳು. ವಾರದಿಂದ ಕಾವಿಗೆ ಕೂತಿದ್ದ ತನ್ನ ಮುದ್ದಿನ ಕರಿಕೋಳಿಯ ಮೊಟ್ಟೆ ತೆಗೆದು ಇವನ್ನು ಇಟ್ಟಳು. ನವಿಲಿನ ಮೊಟ್ಟೆಗೆ ಹೆಚ್ಚು ದಿನದ ಕಾವು ಬೇಕು; ಮರಿ ಮಾಡಿಕೊಂಡು ಮೇಯಬೇಕಿದ್ದ ಹೊತ್ತಿನಲ್ಲೂ ಆ ಕೋಳಿ ಸೊರಗಿಕೊಂಡು ಕೂತೇ ಇತ್ತು.

ಮೂರೂ ಒಡೆದು ಮರಿಯಾದವು. ಅವನ್ನು ಕಟ್ಟಿಕೊಂಡು ಕೋಳಿ ನನ್ನ ಬದನೆ ಪಾತಿ ಕೆದಕತೊಡಗಿತು. ಬೇಲಿ ಹಾರದಿರಲೆಂದು ನಾನೇ ಅದರ ಒಂದು ರೆಕ್ಕೆಯ ಗರಿ ಕತ್ತರಿಸಿದೆ. ನಮ್ಮ ಕಡೆ ಎಲ್ಲರೂ ಮಾಡುವುದೇ. ಆದರೆ ನವಿಲುಮರಿಗಳಿಗೆ ರೆಕ್ಕೆ ಬೇಗ ಬಲಿಯುತ್ತದೆ, ಸಂಜೆಯಾದರೆ ಎತ್ತರದ ಕೊಂಬೆಯೇ ಬೇಕು. ಅವು ಹುಣಸೆಮರ ಏರಿದವು. ಕೋಳಿ ಕೆಳಗೆ ನಿಂತು ಕರೆಯಿತು, ಹಾರಲು ಹೋಗಿ ಮಗ್ಗುಲಾಗಿ ಬಿತ್ತು. ಅವು ಬಗ್ಗಿಯೂ ನೋಡಲಿಲ್ಲ. ನನಗೆ ನಗು ಬಂತು. ದಿನಾ ಸಂಜೆ ಅವ್ವ ಅದನ್ನು ಎತ್ತಿ ತಂದು ಮಂಕರಿ ಕವುಚುತ್ತಿದ್ದಳು.

ಒಂದು ದಿನ ಅವ್ವ ಅಕ್ಕಿಹೆಬ್ಬಾಳಿಗೆ ಮದುವೆಗೆ ಹೊರಟಳು. ಕೋಳಿ ಎತ್ತಿಡಲು ನನಗೆ ಎರಡೆರಡು ಸಲ ಹೇಳಿದಳು. ನಾನು ಡೈರಿಗೆ ಹಾಲು ಹಾಕಿ ಬಂದವನು ಟಿವಿ ಮುಂದೆ ಕೂತೆ. ಕೋಳಿ ಕರೆಯುವುದು ಕೇಳುತ್ತಲೇ ಇತ್ತು. ಸುಸ್ತಾದರೆ ಅದೇ ಬರುತ್ತದೆ ಎಂದುಕೊಂಡೆ.

ಅವ್ವ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದಳು. ಮರದಡಿ ಕರಿಗರಿ ಚೆಲ್ಲಿತ್ತು. ನಾಯಿಗಳು ಕಾಲನ್ನೂ ಬಿಟ್ಟಿರಲಿಲ್ಲ. ಮೂರು ಮರಿಗಳೂ ಇಳಿದು ಬಂದು ಆ ಗರಿಗಳ ನಡುವೆಯೇ ಇರುವೆ ಹೆಕ್ಕುತ್ತಿದ್ದವು. ನಾಯಿ ಕಾಟ ಜಾಸ್ತಿಯಾಗಿದೆ ಎಂದೆ. ಹೇಳಿದ ಮೇಲೆ ನನಗೇ ನಾಚಿಕೆಯಾಯಿತು. ಅವ್ವ ಬೈಯಲಿಲ್ಲ. ಗರಿಗಳನ್ನು ಬಾಚಿಕೊಳ್ಳುತ್ತಾ ಹೇಳಿದಳು: "ರೆಕ್ಕೆ ಕತ್ತರ್ಸ್ದೋನು ನೀನು. ನೀನೇ ಎತ್ಕೊಂಡು ಬರ್ಬೇಕಿತ್ತು ಕಣ್ಲಾ."