ಒಳಕೋಣೆಗೆ ಜೊತೆ ಹೋಗುವವರು

ಶನಿವಾರ ಮಧ್ಯಾಹ್ನವಾದರೆ ನಮ್ಮ ಸೋದರತ್ತೆಯ ಮನೆಯ ಪಡಸಾಲೆ ಚರಕಗಳ ಸದ್ದಿನಿಂದ ಜೇನುಗೂಡಾಗುತ್ತಿತ್ತು. ಶಿವಮೊಗ್ಗದ ಅರ್ಧ ಹೆಂಗಸರು ಅಲ್ಲಿರುತ್ತಿದ್ದರು ಎಂದು ನಾನು ಎಲ್ಲರಿಗೂ ಹೇಳಿದ್ದೇನೆ. ನಿಜವಾಗಿ ಒಂದು ಜಮಖಾನೆಯ ಮೇಲೆ ಹಿಡಿಸುವಷ್ಟು ಜನ. ನಾನೂ ನೂಲುತ್ತಿದ್ದೆ. ನನ್ನ ನೂಲಿನಲ್ಲಿ ಎಮ್ಮೆ ಕಟ್ಟಿದರೆ ಎಮ್ಮೆ ಸಾಯುವವರೆಗೂ ಅಲ್ಲೇ ಇರುತ್ತಿತ್ತು, ಅಷ್ಟು ದಪ್ಪ. ಆದ್ದರಿಂದ ನನಗೆ ಹಾಡುವ ಕೆಲಸ ಕೊಟ್ಟಿದ್ದರು. ನಾನು ಬಾಯಿ ತೆರೆದರೆ ತುಂಗೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರು ಕೈ ನಿಲ್ಲಿಸುತ್ತಿದ್ದರು. ಕೇಳೋಕೆ ನಿಲ್ಲಿಸಿದರೋ, ಹೆದರಿ ನಿಲ್ಲಿಸಿದರೋ ಎಂದು ಅತ್ತೆ ಕೇಳುತ್ತಿದ್ದಳು.

ನೂತದ್ದನ್ನು ಲಡಿ ಸುತ್ತಿ ಪೇಟೆಯ ಖಾದಿ ಅಂಗಡಿಗೆ ಒಪ್ಪಿಸಬೇಕು. ಅಂಗಡಿಯ ಒಳಕೋಣೆಯಲ್ಲಿ ನಮ್ಮೂರ ಸ್ವಾತಂತ್ರ್ಯ ಚಳುವಳಿಯ ನಾಯಕರು ಕೂತಿರುತ್ತಿದ್ದರು. ಲಡಿ ಬಿಚ್ಚಿ, ಎಳೆ ಎಳೆದು, ಗಟ್ಟಿ ಇದೆಯೇ ಎಂದು ಅವರೇ ಪರೀಕ್ಷೆ ಮಾಡಬೇಕು. ನಾಯಕರೆಂದರೆ ಸಾಮಾನ್ಯರಲ್ಲ. ದಿವಾನರ ಪೊಲೀಸರಿಂದ ತಲೆಗೆ ಲಾಠಿ ತಿಂದವರು, ಜೈಲಿಗೆ ಹೋಗಿ ಬಂದವರು. ಹಣೆಯ ಮೇಲಿನ ಗಾಯದ ಗುರುತು ಒಂದು ಭಾಷಣದಿಂದ ಇನ್ನೊಂದಕ್ಕೆ ಒಂದಂಗುಲ ಬೆಳೆಯುತ್ತಿತ್ತು. ಆದರೆ ಏಟು ಬಿದ್ದದ್ದು ನಿಜ. ಆ ದಿನ ನಾನು ಅಲ್ಲೇ ಇದ್ದೆ. ರಕ್ತ ಸೋರುತ್ತಿದ್ದರೂ ಅವರು ಬಾವುಟ ಬಿಟ್ಟಿರಲಿಲ್ಲ. ಅತ್ತೆ ಆ ಸಂಜೆ ಊಟ ಮಾಡಲಿಲ್ಲ.

ಲಡಿ ಒಪ್ಪಿಸುವಾಗೆಲ್ಲ ಅತ್ತೆ ನನ್ನನ್ನು ಕರೆದುಕೊಂಡೇ ಹೋಗುತ್ತಿದ್ದಳು. ನನ್ನಂಥ ಮಾತುಗಾತಿ ಪಕ್ಕದಲ್ಲಿಲ್ಲದಿದ್ದರೆ ಅವಳಿಗೆ ದಾರಿ ಸವೆಯುವುದಿಲ್ಲ ಎಂದು ನಾನು ತಿಳಿದಿದ್ದೆ.

ಭದ್ರಾವತಿಯ ಅಕ್ಕ ನಮ್ಮ ಗುಂಪಿಗೆ ಬಂದದ್ದು ಆ ಬೇಸಿಗೆಯಲ್ಲಿ. ಗಂಡ ಅಲ್ಲಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಕೆಲಸಕ್ಕಿದ್ದ. ಮನೆಮಾತು ತಮಿಳು. ಶನಿವಾರದ ರೈಲಿಗೆ ಬಂದು ಸಂಜೆಯ ರೈಲಿಗೆ ಹೋಗುತ್ತಿದ್ದಳು. ಅವಳ ನೂಲು ಎಷ್ಟು ಸಣ್ಣಗಿತ್ತೆಂದರೆ, ಬಿಸಿಲಿಗೆ ಹಿಡಿದರೆ ಮಾತ್ರ ಕಾಣುತ್ತಿತ್ತು, ಮೋಡ ಬಂದರೆ ಹುಡುಕಬೇಕಿತ್ತು. ಇಲ್ಲಿ ನಾನು ಸ್ವಲ್ಪವೇ ಹಿಗ್ಗಿಸಿದ್ದೇನೆ.

ಒಂದು ಶನಿವಾರ ಅವಳು ಲಡಿ ಒಪ್ಪಿಸಲು ಒಬ್ಬಳೇ ಹೋದಳು. ಹೋದಷ್ಟೇ ಬೇಗ ಲಡಿ ಕೈಯಲ್ಲೇ ಹಿಡಿದು ವಾಪಸು ಬಂದಳು. ಒಂದು ಕೈಯ ಬಳೆಗಳು ಒಡೆದು ಮಣಿಕಟ್ಟು ಗೀರಿಹೋಗಿತ್ತು. ಅತ್ತೆ ನೀರು ಕೊಟ್ಟಳು. ಅವಳು ಕುಡಿಯಲಿಲ್ಲ.

"ಬಾಗಿಲು ಹಾಕಿದ್ರು ಅಕ್ಕಾ," ಎಂದಳು. "ನೂಲು ಹಿಡಿಯೋದು ಹೇಳಿಕೊಡ್ತೀನಿ ಅಂತ ಕೈ ಹಿಡಿದ್ರು. ಬಿಡಿ ಅಂದೆ. ಬಾಯಿ ಮುಚ್ಚಿದ್ರು, ಸೀರೆಗೆ ಕೈ ಹಾಕಿದ್ರು. ಕಚ್ಚಿಬಿಟ್ಟು ಓಡಿ ಬಂದೆ."

"ಯಾರು?" ಎಂದು ಅತ್ತೆ ಕೇಳಿದಳು. ಆ ಕೋಣೆಯಲ್ಲಿ ನಾಯಕರಲ್ಲದೆ ಬೇರೆ ಯಾರೂ ಕೂರುವುದಿಲ್ಲವೆಂದು ಅವಳಿಗೂ ಗೊತ್ತಿತ್ತು.

ನಾನು ಅತ್ತೆಯ ಮುಖ ನೋಡಿದೆ. ಹಾಲು ಉಕ್ಕುವಾಗ ಬಟ್ಟೆ ಸಿಗದೆ ನಿಂತವಳ ಹಾಗೆ ನಿಂತಿದ್ದಳು. "ಈಗ ಊರಿಗೆ ಹೋಗಿರು. ನಾನು ವಿಚಾರಿಸ್ತೀನಿ," ಎಂದಳು.

ವಿಚಾರಿಸಲು ಮರುದಿನ ಬಂದವರು ವಕೀಲರು. ನಮ್ಮೂರ ಚಳುವಳಿಯ ಲೆಕ್ಕ, ಪತ್ರ, ಸಭೆ ಎಲ್ಲ ಅವರ ಕೈಯಲ್ಲಿ. ಅವರು ಮೂಗಿಗೆ ನಶ್ಯ ಏರಿಸಿದರೆ ನಮ್ಮ ಬೀದಿಯ ನಾಯಿಗಳೂ ಸೀನುತ್ತಿದ್ದವು.

"ನೋಡಿ ತಾಯಿ," ಎಂದರು ಅತ್ತೆಗೆ, "ಕಾರ್ಖಾನೆ ಯಾರದು? ಸರ್ಕಾರದ್ದು. ಅವಳ ಗಂಡ ಯಾರ ಅನ್ನ ತಿಂತಾನೆ? ಸರ್ಕಾರದ್ದು. ನಮ್ಮೋರ ಹೆಸರು ಕೆಡಿಸೋಕೆ ಹೆಂಗಸನ್ನ ಕಳಿಸಿದಾರೆ, ಅಷ್ಟೇ. ಬರೋ ಶನಿವಾರ ಅವಳು ಎಲ್ಲರೆದುರು ತಪ್ಪಾಯ್ತು ಅನ್ಲಿ. ಇಲ್ಲಾಂದ್ರೆ ಈ ಮನೆ ಮೆಟ್ಟಿಲು ಹತ್ತೋದು ಬೇಡ."

ಅತ್ತೆ ಆಗಲಿ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಆ ವಾರವೆಲ್ಲ ಸಾರಿಗೆ ಉಪ್ಪು ಬೀಳಲಿಲ್ಲ. ಮಾವ ಮೂರು ದಿನ ಸಹಿಸಿ, ನಾಲ್ಕನೆಯ ದಿನ ಉಪ್ಪಿನ ಮರಿಗೆಯನ್ನೇ ಎಲೆಯ ಪಕ್ಕ ಇಟ್ಟುಕೊಂಡು ಕೂತರು.

ಶನಿವಾರ ಭದ್ರಾವತಿಯ ಅಕ್ಕ ಬರುವುದಿಲ್ಲವೆಂದು ಎಲ್ಲರೂ ಅಂದುಕೊಂಡಿದ್ದರು. ರೈಲು ಬಂದ ಸ್ವಲ್ಪ ಹೊತ್ತಿಗೆ ಚರಕ ಬಗಲಲ್ಲಿಟ್ಟುಕೊಂಡು ಬಂದಳು. ತನ್ನ ಜಾಗದಲ್ಲೇ ಕೂತಳು. ಪಕ್ಕದಲ್ಲಿದ್ದವಳು ದೂರ ಸರಿದು ಕೂತಳು. ವಕೀಲರು ಕುರ್ಚಿ ಹಾಕಿಸಿಕೊಂಡು ನಡುವೆ ಕೂತಿದ್ದರು.

"ಏನಮ್ಮಾ, ಹೇಳ್ತೀಯಾ ತಪ್ಪಾಯ್ತು ಅಂತ?"

"ನಾನೇನು ತಪ್ಪು ಮಾಡಿಲ್ಲ ಸಾಮಿ. ನಡೆದಿದ್ದು ಹೇಳಿದೀನಿ. ನೂಲೋಕೆ ಬಂದೋಳು, ನೂಲಿ ಹೋಗ್ತೀನಿ."

ವಕೀಲರು ನಮ್ಮ ಕಡೆ ತಿರುಗಿದರು. "ಇಲ್ಲಿರೋ ತಾಯಂದಿರೆಲ್ಲ ವರ್ಷಗಟ್ಟಲೆ ಆ ಕೋಣೆಗೆ ಹೋಗಿ ಲಡಿ ಕೊಟ್ಟು ಬಂದಿದೀರಿ. ಯಾರಿಗಾದ್ರೂ ಏನಾದ್ರೂ ಆಗಿದ್ಯಾ? ಇದ್ರೆ ಹೇಳಿ."

ಚರಕಗಳು ನಿಂತವು. ಆಗ ಮೂಲೆಯಲ್ಲಿ ನೂಲಲು ಹತ್ತಿಯನ್ನು ಹಂಜಿಯಾಗಿ ಸುತ್ತುತ್ತಿದ್ದ ಎದುರುಮನೆಯ ಅಜ್ಜಿ ಗಂಟಲು ಸರಿಮಾಡಿಕೊಂಡಳು. ಆಕೆಯ ಬಾಯಲ್ಲಿ ಉಳಿದಿದ್ದ ಒಂದೇ ಹಲ್ಲು ಇಡೀ ಗುಂಪಿಗೆ ಸಾಕಾಗುವಷ್ಟು ಹರಿತವಾಗಿತ್ತು.

"ಅಲ್ಲ ವಕೀಲಪ್ಪಾ, ನನಗೆ ಕೈ ನಡುಗತ್ತೆ, ನೂಲೋಕೇ ಬರಲ್ಲ. ಆದ್ರೂ ಆ ಕೋಣೆಗೆ ಇವರೆಲ್ಲರಿಗಿಂತ ಜಾಸ್ತಿ ಸಲ ಹೋಗಿರೋಳು ನಾನೇ. ಇವಳು ಹೋಗುವಾಗ ಬಾ ಅಜ್ಜಿ ಅಂತಾಳೆ. ಅವಳು ಹೋಗುವಾಗ ಬಾ ಅಜ್ಜಿ ಅಂತಾಳೆ. ಯಾಕೆ ಕರೀತಾರೆ, ನನ್ನ ಚಂದ ನೋಡೋಕಾ?"

ಯಾರೋ ಕಿಸಕ್ಕನೆ ನಕ್ಕು ಸುಮ್ಮನಾದರು. ಒಬ್ಬಾಕೆ ತನ್ನ ತೊಡೆಯ ಮೇಲಿದ್ದ ಮಗುವನ್ನು ಇನ್ನೂ ಹತ್ತಿರಕ್ಕೆಳೆದುಕೊಂಡಳು. ಅವಳು ಆ ಮಗುವನ್ನೆತ್ತಿಕೊಳ್ಳದೆ ಅಂಗಡಿಗೆ ಹೋದದ್ದನ್ನು ನಾನು ನೋಡಿರಲಿಲ್ಲ.

ಇಂಥ ಕಡೆ ಸುಮ್ಮನಿರುವುದು ನನ್ನ ಜಾತಕದಲ್ಲಿಲ್ಲ. "ಅತ್ತೆ ನನ್ನನ್ನ ಕರ್ಕೊಂಡು ಹೋಗ್ತಾಳೆ," ಎಂದೆ. "ನನ್ನ ಮಾತಿಲ್ದೆ ಅವಳಿಗೆ ಬೇಜಾರಾಗುತ್ತೆ ಅಂತ."

ಹೇಳಿ ಮುಗಿಸುವಷ್ಟರಲ್ಲಿ ನನಗೇ ಅರ್ಥವಾಯಿತು. ಅತ್ತೆ ನನ್ನ ಮಾತು ಸಹಿಸುವವಳೇ ಅಲ್ಲ. ದಾರಿಯುದ್ದಕ್ಕೂ ಬಾಯಿ ಮುಚ್ಚು ಎನ್ನುವವಳು, ಒಳಕೋಣೆಯಲ್ಲಿ ಮಾತ್ರ ಏನಾದ್ರೂ ಹೇಳೇ ಎಂದು ಮೊಣಕೈಯಿಂದ ತಿವಿಯುತ್ತಿದ್ದಳು.

ಎಲ್ಲರೂ ಅತ್ತೆಯನ್ನೇ ನೋಡುತ್ತಿದ್ದರು. ಅವಳು ಚರಕದ ಮೇಲಿಂದ ಕೈ ತೆಗೆದಳು.

"ಹೌದು," ಎಂದಳು. "ನಾನು ಒಬ್ಬಳೇ ಹೋಗಲ್ಲ. ಮೊದಲನೇ ಸಲ ಹೋದಾಗ ನೂಲು ಹಿಡಿಯೋದು ಹೇಳಿಕೊಡ್ತೀನಿ ಅಂತ ನನ್ನ ಕೈಯೂ ಹಿಡಿದಿದ್ರು. ನಾನು ಮದುವೆಗೆ ಮುಂಚಿನಿಂದ ನೂಲೋಳು. ದೊಡ್ಡ ಮನುಷ್ಯರು, ಗೊತ್ತಾಗದೆ ಹಿಡಿದಿರಬೇಕು ಅಂದ್ಕೊಂಡೆ. ಗೊತ್ತಾಗದೆ ಹಿಡಿದಿದ್ರೆ ಈ ಮಾತುಗಾತೀನ ಯಾಕೆ ಜೊತೆಗೆ ಕರ್ಕೊಂಡು ಹೋಗ್ತಿದ್ದೆ?"

"ನಂದೂ ಅದೇ," ಎಂದಳು ಮಗುವಿನ ತಾಯಿ, ತಲೆಯೆತ್ತದೆ.

"ನಾವೆಲ್ಲ ಜೊತೆ ಹುಡುಕ್ಕೊಂಡ್ವಿ," ಎಂದಳು ಅತ್ತೆ. "ಇವಳು ಹೊಸಬಳು. ಒಬ್ಬಳೇ ಹೋಗಬೇಡ ಅಂತ ಇವಳಿಗೆ ಒಬ್ಬರೂ ಹೇಳಲಿಲ್ಲ. ಹೇಳಿದ್ರೆ ಯಾಕೆ ಅಂತ ಕೇಳ್ತಾಳಲ್ಲ."

ವಕೀಲರ ನಶ್ಯದ ಡಬ್ಬಿ ಮುಚ್ಚಳ ತೆರೆದೇ ಇತ್ತು. ಅವರು ದನಿ ತಗ್ಗಿಸಿ, "ತಾಯಿ, ಮುಂದಿನ ತಿಂಗಳು ಸತ್ಯಾಗ್ರಹ ಇಟ್ಕೊಂಡಿದೀವಿ. ಇದು ಹೊರಗೆ ಹೋದ್ರೆ ದಿವಾನರ ಕಡೆಯೋರು ನಗ್ತಾರೆ," ಎಂದರು.

"ನಗ್ಲಿ ಬಿಡಿ. ಅವರು ನಕ್ಕರೆ ಇವಳು ಹೇಳಿದ್ದು ಸುಳ್ಳಾಗುತ್ತಾ?"

"ನಾಯಕರು ಜೈಲಿಗೆ ಹೋಗಿ ಬಂದೋರು."

"ಬಂದ ದಿನ ಆರತಿ ಎತ್ತಿದೋಳು ನಾನೇ. ಜೈಲಿಗೆ ಹೋಗಿದ್ದೂ ನಿಜ, ಇದೂ ನಿಜ. ಇನ್ನು ಮೇಲೆ ಯಾರೂ ಆ ಕೋಣೆಗೆ ಹೋಗಲ್ಲ. ಲಡಿ ನಾನೇ ನೋಡ್ತೀನಿ, ಇಲ್ಲೇ, ಎಲ್ಲರೆದುರು. ಅವರು ಅಲ್ಲಿ ಕೂತಿರೋವರೆಗೂ ನಮ್ಮ ನೂಲು ಆ ಅಂಗಡಿಗೆ ಬರಲ್ಲ ಅಂತ ಹೇಳಿ. ಯಾಕೆ ಅಂತ ಕೇಳಿದ್ರೆ ಅದನ್ನೂ ಹೇಳಿ."

ವಕೀಲರು ಎದ್ದು ಹೋದರು. ಅವರ ಹಿಂದೆ ಇಬ್ಬರು ಹೆಂಗಸರೂ ಚರಕ ಎತ್ತಿಕೊಂಡು ಹೋದರು, ಮತ್ತೆ ಬರಲೇ ಇಲ್ಲ. ಅವರಲ್ಲಿ ಒಬ್ಬಳು ಅತ್ತೆಯ ಬಾಲ್ಯದ ಗೆಳತಿ. ಈಗಲೂ ಕೆರೆ ಹತ್ತಿರ ಎದುರಾದರೆ ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಆ ಕಡೆ ತಿರುಗುತ್ತಾಳೆ. ನಾಯಕರಿಗೆ ಬೇರೆ ಕಡೆ ಹಾರಗಳು ಬೀಳುತ್ತಲೇ ಇದ್ದವು. ಆದರೆ ನೂಲು ಬಾರದೆ ಖಾದಿ ಅಂಗಡಿಯ ಕಪಾಟುಗಳು ಬರಿದಾಗತೊಡಗಿದವು. ಕಡೆಗೆ ಅಂಗಡಿಯವರೇ ಒಳಕೋಣೆಯ ಗಾದಿ ಎತ್ತಿಸಿ, ಅಲ್ಲಿ ಹತ್ತಿಯ ಮೂಟೆ ತುಂಬಿಸಿದರು. ಸತ್ಯಾಗ್ರಹದ ದಿನ ನಾವು ನಾಯಕರ ಹಿಂದೆ ನಡೆಯಲಿಲ್ಲ. ಬೇರೆ ಬೀದಿಯಿಂದ ಹೊರಟು, ಅವರಿಗಿಂತ ಮೊದಲೇ ಕಚೇರಿ ಮುಟ್ಟಿದೆವು. ನನ್ನ ದನಿ ಕೇಳಿ ಪೊಲೀಸರ ಕುದುರೆಯೊಂದು ಎರಡು ಕಾಲ ಮೇಲೆ ನಿಂತಿತ್ತು. ನಂಬದವರು ಕುದುರೆಯನ್ನೇ ಕೇಳಬಹುದು.

ಆದರೆ ಅದೆಲ್ಲ ಆಮೇಲಿನದು. ಆ ಶನಿವಾರ ವಕೀಲರು ಹೋದ ಮೇಲೆ, ಸರಿದು ಕೂತಿದ್ದವಳು ವಾಪಸು ಸರಿದು ಬಂದಳು. ಸಂಜೆ ಭದ್ರಾವತಿಯ ಅಕ್ಕ ಎದ್ದು ಬಾಗಿಲ ಹತ್ತಿರ ನಿಂತಳು.

"ಬರೋ ವಾರ ಬರ್ಲಾ ಅಕ್ಕಾ?"

"ಇದೇನು ಕೇಳೋದು ಮಾರಾಯ್ತಿ," ಎಂದಳು ಅತ್ತೆ. "ಬೆಳಗಿನ ರೈಲಿಗೇ ಬಾ. ಊಟ ಇಲ್ಲೇ."

ಅವಳು ಸ್ಟೇಷನ್ ಕಡೆ ಹೊರಟಾಗ ಮಗುವಿನ ತಾಯಿಯೂ ಅಜ್ಜಿಯೂ ನಾನೂ ಜೊತೆಗೆ ಹೊರಟೆವು. ಅವಳು ಬೇಡವೆಂದಳು, ಒಬ್ಬಳೇ ಹೋಗಬಲ್ಲೆ ಎಂದಳು. ಹೋಗಬಲ್ಲಳೆಂದು ನಮಗೆ ಗೊತ್ತಿತ್ತು. ಆದರೂ ಹೋದೆವು, ದಾರಿಯುದ್ದಕ್ಕೂ ಜೋರಾಗಿ ಮಾತಾಡುತ್ತಾ.