ಮಣ್ಣು ಮೆತ್ತದ ಡೇರೆ

ಡೇರೆ ಹೊಲಿಯುವ ಕಾರ್ಖಾನೆಯಲ್ಲಿ ಎಲ್ಲರೂ ಆಕೆಯನ್ನು ಎದುರಿಗೆ ‘ಅಕ್ಕ’ ಎನ್ನುತ್ತಿದ್ದರು, ಬೆನ್ನ ಹಿಂದೆ ‘ಭೂತಗನ್ನಡಿ’ ಎನ್ನುತ್ತಿದ್ದರು. ಹೊಲಿಗೆ ಮುಗಿದ ಬಟ್ಟೆಯನ್ನು ದೀಪ ಉರಿಯುವ ಗಾಜಿನ ಮೇಜಿನ ಮೇಲೆ ಹಾಸಿ, ಬೆಳಕು ಸೋರುವ ತೂತುಗಳನ್ನು ಹುಡುಕುವುದು ಆಕೆಯ ಕೆಲಸ. ವರ್ಷಗಟ್ಟಲೆ ಅದನ್ನೇ ಮಾಡಿದವರಿಗೆ ಲೋಕವೆಲ್ಲ ಎಲ್ಲೋ ಒಂದು ಕಡೆ ಸೋರುತ್ತಿದೆ ಎಂಬ ಗುಮಾನಿ ಹುಟ್ಟಿದರೆ ಅಚ್ಚರಿಯೇನಿಲ್ಲ. ಆಕೆ ತರಕಾರಿಯವನ ತಕ್ಕಡಿಯನ್ನು ನಂಬುತ್ತಿರಲಿಲ್ಲ, ಹವಾಮಾನ ವರದಿಯನ್ನು ನಂಬುತ್ತಿರಲಿಲ್ಲ, ತಾನೇ ಹಾಕಿದ ಬೀಗವನ್ನು ಜಗ್ಗಿ ನೋಡದೆ ಮೆಟ್ಟಿಲಿಳಿಯುತ್ತಿರಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಬೇರೆಯವರಿಗೆ ಬುದ್ಧಿಮಾತು. ಆಕೆಗೆ ಅದು ದಿನಚರಿ.

ಗಂಡ ಶಾಲೆಯ ವ್ಯಾನು ಓಡಿಸುತ್ತಿದ್ದ. ವಾರವಿಡೀ ಮಕ್ಕಳ ಕಿರುಚಾಟದಲ್ಲಿ ಬೆಂದು, ಶನಿವಾರ ಬಂತೆಂದರೆ ಗಾಳ ಹಿಡಿದು ಊರಾಚೆಯ ನದಿದಂಡೆಯ ಸರ್ಕಾರಿ ಉದ್ಯಾನಕ್ಕೆ ಹೊರಟುಬಿಡುತ್ತಿದ್ದ. ಅಲ್ಲಿ ರಾತ್ರಿ ತಂಗಲು ಅಪ್ಪಣೆಯಿತ್ತು. ಅವನಿಗೆಂದೇ ಆಕೆ ಕಾರ್ಖಾನೆಯಲ್ಲಿ ಮಿಕ್ಕ ತುಂಡುಗಳನ್ನು ಕೇಳಿ ತಂದು, ಮನೆಯ ಯಂತ್ರದಲ್ಲಿ ತಿಂಗಳುಗಟ್ಟಲೆ ತುಳಿದು, ಒಂದು ಡೇರೆ ಹೊಲಿದುಕೊಟ್ಟಿದ್ದಳು. ಮದುವೆಯಾದಂದಿನಿಂದ ಅವನಿಗೆಂದು ಆಕೆ ಹೊಲಿದ ವಸ್ತುಗಳಲ್ಲಿ ಅದೇ ದೊಡ್ಡದು.

ಒಂದು ಭಾನುವಾರ ಅವನು ತಂದಿಟ್ಟ ಡೇರೆಯನ್ನು ಒಣಹಾಕಲು ಬಿಚ್ಚಿದಳು. ಹಿಂದಿನ ರಾತ್ರಿಯೆಲ್ಲ ಮಳೆ ಸುರಿದಿತ್ತು. ಆದರೆ ಗೂಟಗಳ ಮೊನೆಗೆ ಮಣ್ಣಿಲ್ಲ, ತಳದ ಬಟ್ಟೆಗೆ ಮರಳಿನ ಗೀರಿಲ್ಲ. ಮಡಿಕೆಗಳೋ, ತಾನು ಹಾಕಿಕೊಟ್ಟವೇ.

“ರೀ, ಡೇರೆ ಸೋರಿತಾ ನಿನ್ನೆ?”

“ನೀನು ಹೊಲಿದಿದ್ದು ಸೋರುತ್ತಾ? ಒಂದು ಹನಿ ಇಲ್ಲ. ಗೂಟಗೀಟ ಎಲ್ಲಾ ತೊಳೆದೇ ತಂದಿದ್ದೀನಿ ಕಣೇ.”

ಗೂಟದ ವಿಷಯ ಆಕೆ ಎತ್ತಿರಲೇ ಇಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಹೀಗೆಯೇ.

ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಗೆಳತಿಯ ಕಿವಿಗೆ ಹಾಕಿದಳು.

“ಗಂಡಸರು ಮೀನು ಹಿಡಿಯೋಕೆ ಅಂತ ಹೋಗಿ ಏನೇನು ಹಿಡ್ಕೊಂಡು ಬರ್ತಾರೋ, ಅಕ್ಕ.”

“ಇವರು ಮೀನೂ ತರಲ್ಲ ಕಣೇ.”

“ಅಯ್ಯೋ, ಹಾಗಾದ್ರೆ ಇನ್ನೂ ಕಷ್ಟ!”

ಡೇರೆ ಬಿಚ್ಚಿಲ್ಲ ಎಂಬುದು ಪುರಾವೆ. ಅವನು ಇನ್ನಾರದೋ ಮನೆಯಲ್ಲಿ ಮಲಗಿದ್ದ ಎಂಬುದು ಊಹೆ. ಎರಡೂ ಒಂದೇ ಅಲ್ಲವೆಂದು ಆಕೆಗೆ ಚೆನ್ನಾಗಿಯೇ ಗೊತ್ತಿತ್ತು. ಆದರೆ ಹಾಸಿಗೆಗೆ ತಲೆಯಿಟ್ಟಾಗ ತಿಳಿವಳಿಕೆ ಮೊದಲು ನಿದ್ದೆ ಹೋಗುತ್ತದೆ, ಗುಮಾನಿ ಕೊನೆಗೆ. ಪಕ್ಕದಲ್ಲಿ ಮಲಗಿದ್ದವನ ಬೆನ್ನನ್ನು ನೋಡುತ್ತ, ಇಷ್ಟು ವರ್ಷದ ಸಂಸಾರದಲ್ಲಿ ತಾನು ದೀಪಕ್ಕೆ ಹಿಡಿಯದೆ ಬಿಟ್ಟ ಹೊಲಿಗೆ ಇದೊಂದೇ ಎಂದುಕೊಂಡಳು.

ಮುಂದಿನ ಶನಿವಾರ ತನ್ನ ಬಟ್ಟೆಯನ್ನೂ ಚೀಲಕ್ಕೆ ತುಂಬಿದಳು. “ನಾನೂ ಬರ್ತೀನಿ.”

“ಅಲ್ಲಿ ವಿಪರೀತ ಸೊಳ್ಳೆ ಕಣೇ.”

“ಡೇರೆ ಇದೆಯಲ್ಲ.”

ಅವನು ಗಾಳದ ದಾರವನ್ನು ಇನ್ನೊಮ್ಮೆ ಸುತ್ತತೊಡಗಿದ.

ಉದ್ಯಾನದ ಬಾಗಿಲಲ್ಲಿ ಚೀಟಿ ಹರಿದುಕೊಡುವ ಹೆಂಗಸೊಬ್ಬಳಿದ್ದಳು. ತುಂಬು ಮೈಯ, ಸದಾ ನಗುವ ಮುಖದವಳು. ಇವರನ್ನು ಕಂಡದ್ದೇ ಕೂಗಿದಳು: “ಏನಣ್ಣಾ, ಇವತ್ತು ಎರಡು ಹಾಸಿಗೆ ಬೇಕಾ? ನಿಮ್ಮದು ಒಳಗೇ ಮಡಚಿಟ್ಟಿದ್ದೀನಿ!”

ಹಾಸಿಗೆಯೂ ಇದೆ! ಆಕೆ ಗಂಡನನ್ನು ನೋಡಿದಳು. ಗಂಡ ನದಿಯನ್ನು ನೋಡಿದ.

“ಯಾವ ಹಾಸಿಗೆ ರೀ?”

ಅವನು ಮುಂದೆ ನಡೆದ. ದಂಡೆಯ ಮೇಲೆ, ಬಂದವರು ಕುಳಿತು ಊಟ ಮಾಡಲೆಂದು ಕಟ್ಟಿದ ಚಾವಣಿಯೊಂದಿತ್ತು. ನಾಲ್ಕು ಕಂಬ, ಗೋಡೆಯಿಲ್ಲ. “ಇಲ್ಲೇ ಮಲಗೋದು ನಾನು. ಅವಳು ಚಾಪೆ, ಹೊದಿಕೆ ಕೊಡ್ತಾಳೆ.”

“ಡೇರೆ?”

“ತಲೆದಿಂಬು.”

ಆಕೆಗೆ ನಗು ಬರಲಿಲ್ಲ. “ಯಾಕೆ?”

“ಒಳಗೆ ಹೋದ್ರೆ ಉಸಿರು ಕಟ್ಟುತ್ತೆ ಕಣೇ. ಮೊದಲನೇ ಸಲಾನೇ ಎದ್ದು ಓಡಿಬಂದೆ.”

ಒಳ್ಳೆಯ ಸುಳ್ಳಿಗೂ ಕಾಲು, ಕೈ, ಮೂಗು ಎಲ್ಲ ಇರುತ್ತವೆ. ಇದನ್ನು ಪರೀಕ್ಷಿಸಲು ಬರುತ್ತದೆ ಎಂಬುದೊಂದೇ ಸಮಾಧಾನ. ಇಳಿಬಿಸಿಲಿನಲ್ಲಿ ಆಕೆಯೇ ಗೂಟ ಬಡಿದಳು, ಹಗ್ಗ ಬಿಗಿದಳು, ಗಂಡನನ್ನು ಒಳಗೆ ಕೂರಿಸಿ ತಾನೂ ಕುಳಿತು ಜಿಪ್ ಎಳೆದಳು. ನೂರಾರು ಡೇರೆಗಳನ್ನು ದೀಪಕ್ಕೆ ಹಿಡಿದವಳು, ಒಂದರೊಳಗೆ ಕುಳಿತದ್ದು ಅದೇ ಮೊದಲು.

ಅವನ ಹಣೆಯಲ್ಲಿ ಬೆವರು ಮೂಡಿತು. ನಾಟಕ ಎಂದುಕೊಂಡಳು. ಮಣಿಕಟ್ಟು ಹಿಡಿದಳು, ನಾಡಿ ಓಡುತ್ತಿತ್ತು. ಮುಖ ನಾಟಕವಾಡಬಹುದು, ನಾಡಿ ಆಡಲಾರದು. ಆ ಹೊತ್ತಿಗೆ ತನ್ನದೇ ಕತ್ತು ಒದ್ದೆಯಾಗಿರುವುದು ಆಕೆಗೆ ಅರಿವಾಯಿತು. ಗೋಡೆಗೆ ಬೆರಳು ತಾಗಿಸಿದರೆ ತೇವ: ಇಬ್ಬರ ಉಸಿರೂ ಹೊರಹೋಗಲು ದಾರಿಯಿಲ್ಲದೆ ನೀರಾಗಿ ಕುಳಿತಿತ್ತು. ಕಿಟಕಿಗಾಗಿ ಸುತ್ತ ನೋಡಿದಳು. ಕಿಟಕಿ ಇರಲಿಲ್ಲ. ಕಾರ್ಖಾನೆಯ ಪ್ರತಿ ಡೇರೆಗೂ ಬಲೆಯ ಕಿಟಕಿ ಇರುತ್ತದೆ. ಬಲೆ ಹರಿಯುತ್ತದೆ, ಹುಳ ನುಗ್ಗುತ್ತದೆ, ದಾರಿಹೋಕರು ಇಣುಕುತ್ತಾರೆ ಎಂದು ಗಂಡನ ಡೇರೆಗೆ ಮಾತ್ರ ಆಕೆ ಅದನ್ನು ಇಟ್ಟಿರಲಿಲ್ಲ. ಏನೂ ಸೋರದಂತೆ ಹೊಲಿದಿದ್ದಳು. ಗಾಳಿಯೂ ಸೋರಿಯೇ ಬರಬೇಕು ಎಂಬುದು ಹೊಳೆದೇ ಇರಲಿಲ್ಲ.

ಜಿಪ್ ಎಳೆದು ಗಂಡನಿಗಿಂತ ಮೊದಲು ಆಕೆಯೇ ಹೊರಗೆ ಬಿದ್ದಳು.

“ಬಾಯಿಬಿಟ್ಟು ಹೇಳೋಕೇನಾಗಿತ್ತು ನಿಮಗೆ?”

“ಹೇಳಿದ್ರೆ ನಂಬ್ತಿದ್ಯಾ? ‘ನಾನು ಹೊಲಿದಿದ್ದು ಬೇಡವಾಯ್ತಾ, ಇನ್ಯಾರ ಹತ್ರ ಹೊಲಿಸ್ಕೊಂಡ್ರಿ’ ಅಂತಿದ್ದೆ.”

ಆಕೆ ಬಾಯಿ ತೆರೆದಳು. ಬರಲಿದ್ದದ್ದು ಹೆಚ್ಚುಕಡಿಮೆ ಅದೇ ಮಾತು, ಮುಚ್ಚಿಕೊಂಡಳು.

ಸಂಜೆ ಮನೆಗೆ ಹೊರಟ ಚೀಟಿಯವಳು ಇನ್ನೊಂದು ಚಾಪೆ ತಂದುಕೊಟ್ಟಳು. “ಅಕ್ಕಾ, ಕಿವಿಗೆ ಹತ್ತಿ ಇಟ್ಕೊಳ್ಳಿ. ಅಣ್ಣನ ಗೊರಕೆ ಕೇಳಿ ಮೀನೆಲ್ಲ ಆಚೆ ದಡಕ್ಕೆ ಹೋಗಿವೆ.”

ಆರಿಹೋಗುತ್ತಿದ್ದ ಕೆಂಡಕ್ಕೆ ಯಾರೋ ಊದಿದಂತಾಯಿತು. “ಗೊರಕೆ ನಿನಗೆ ಹೇಗೆ ಗೊತ್ತು?”

“ಬೆಳಿಗ್ಗೆ ಬಾಗಿಲು ತೆಗೆಯೋಕೆ ಬರ್ತೀನಲ್ಲ, ಅಲ್ಲಿಗೇ ಕೇಳಿಸುತ್ತೆ.”

ಚಾವಣಿಯಿಂದ ಬಾಗಿಲಿನವರೆಗಿನ ದಾರಿಯನ್ನು ಆಕೆ ಕಣ್ಣಲ್ಲೇ ಅಳೆದಳು. ಗಂಡ ಅದನ್ನು ಗಮನಿಸಿ ನಕ್ಕ. “ಹೋಗಿ ಕೇಳ್ಕೊಂಡು ಬಾ, ನಾನೇನು ಬೇಡ ಅನ್ನಲ್ಲ.”

ಬೆಳಕು ಹರಿಯುವಾಗ ಆಕೆ ನಿಜಕ್ಕೂ ಎದ್ದಳು. ಮಲಗಿದ್ದವನನ್ನು ಎಬ್ಬಿಸದೆ, ಚಪ್ಪಲಿ ಕೈಯಲ್ಲಿ ಹಿಡಿದು, ಇಬ್ಬನಿಯ ಹುಲ್ಲಿನ ಮೇಲೆ ಬಾಗಿಲಿನವರೆಗೂ ನಡೆದಳು. ಕಂಬಿಗೆ ಒರಗಿ ಉಸಿರು ಬಿಗಿಹಿಡಿದು ನಿಂತಳು. ಮೊದಲು ನದಿ ಕೇಳಿಸಿತು, ಆಮೇಲೆ ಯಾವುದೋ ಹಕ್ಕಿ. ಅದರಾಚೆ, ಮಂಜಿನೊಳಗಿಂದ, ಹಳೆಯ ವ್ಯಾನು ದಿಬ್ಬ ಹತ್ತುವಂಥ ಸದ್ದು. ಆಕೆ ತುಂಬ ಹೊತ್ತು ಅದನ್ನೇ ಕೇಳುತ್ತ ನಿಂತಳು, ಬೇಕಾದುದಕ್ಕಿಂತ ಹೆಚ್ಚೇ.

ಬೀಗದಕೈ ಅಲ್ಲಾಡಿಸುತ್ತ ಬಂದ ಚೀಟಿಯವಳು ಹುಬ್ಬೇರಿಸಿದಳು. “ಕೇಳಿಸ್ತಾ ಅಕ್ಕಾ?”

“ಇವತ್ತು ಗಾಳಿ ಈ ಕಡೆಗಿದೆ,” ಎಂದಳು ಆಕೆ. ಚಪ್ಪಲಿ ಮೆಟ್ಟಿಕೊಂಡು, ಸದ್ದು ಬರುತ್ತಿದ್ದ ಕಡೆಗೆ ನಡೆದಳು.