ಅವ್ವನ ಹಾಡು ಬಂದ ದಿನದ ರೊಟ್ಟಿ

ಇವತ್ತು ಪಕ್ಕದ ಮನೆಯಿಂದ ರೊಟ್ಟಿ ಸೀದ ವಾಸನೆ ಬಂತು. ನಮ್ಮೂರು ಹವಳಗಾದ ಹಳೇ ಅಡುಗೆಮನೆ ಕಣ್ಣೆದುರು ನಿಂತಿತು.

ಅವ್ವ ರೊಟ್ಟಿ ಬಡಿಯುವಾಗ ಗೋಡೆಯ ಗೂಡಿನಲ್ಲಿ ರೇಡಿಯೊ ಹಾಡುತ್ತಿತ್ತು. ಯಾವ ಹಾಡು ಹಾಕಬೇಕೆಂಬುದು ಸ್ಟೇಷನ್ನಿನವರ ಮರ್ಜಿ. ಅವ್ವ ಕಾಯುತ್ತಿದ್ದ ಹಾಡು ಎಷ್ಟೋ ತಿಂಗಳಿಗೊಮ್ಮೆ ಬರುತ್ತಿತ್ತು. ಬಂದರೆ ಹಿಟ್ಟಿನ ಕೈ ಹಾಗೇ ನಿಂತುಬಿಡುತ್ತಿತ್ತು, ಹಂಚಿನ ಮೇಲಿನ ರೊಟ್ಟಿ ಕರಕಾಗುತ್ತಿತ್ತು.

ಸಕ್ಕರೆ ಕಾರ್ಖಾನೆಯಿಂದ ಬಂದ ಅಪ್ಪ ಆ ರೊಟ್ಟಿಯನ್ನೇ ಮುರಿಯುತ್ತ ಕೇಳುತ್ತಿದ್ದ: “ಇವತ್ತ ನಿನ್ನ ಹಾಡ ಬಂದಿತ್ತೇನು?”

“ಹೌದ್ರಿ, ಪೂರಾ ಹಾಕಿದ್ರು,” ಎಂದು ಅವ್ವ ನಗುತ್ತಿದ್ದಳು.

ಆ ಹಾಡನ್ನು ಫೋನಿನಲ್ಲಿ ಒಮ್ಮೆ ಹುಡುಕಿದ್ದೇ ತಪ್ಪಾಯಿತು. ಈಗ ನಾನು ಹಾಕು ಎನ್ನದಿದ್ದರೂ ಫೋನು ದಿನಾ ತಾನೇ ಅದನ್ನು ಹಾಕುತ್ತದೆ. ಹಾಡು ಬಂದರೂ ದಣಿದ ನನ್ನ ಕೈ ರೊಟ್ಟಿ ಬಡಿಯುತ್ತಲೇ ಇರುತ್ತದೆ. ಒಂದೂ ಸೀಯುವುದಿಲ್ಲ.